ಅಪ್ಪನ ಪೇಪರ್ ಲೈಟು

ಮೊದಲು ನಮ್ಮ ಮೀನಿನ ಟ್ಯಾಂಕಿನಲ್ಲಿದ್ದ ಅನುಬಿಯಾಸ್ ಗಿಡದ ಎರಡು ಎಲೆಗಳ ಅಂಚಿಗೆ ರೆಪ್ಪೆಗೂದಲಿನಂಥದ್ದು ಮೂಡಿತ್ತು. ಫಿಲ್ಟರಿನ ನೀರು ಬಡಿದಾಗಲೆಲ್ಲ ಮೆಲ್ಲಗೆ ಓಲಾಡುತ್ತಿತ್ತು. ನೋಡೋಕೆ ಚೆನ್ನಾಗಿಯೇ ಇದೆಯಲ್ಲ ಅಂತ ಸುಮ್ಮನಿದ್ದೆ. ಒಂದೇ ತಿಂಗಳಲ್ಲಿ ಎಲೆಗೆ ಗಡ್ಡ, ಮರದ ಕೊರಡಿಗೆ ಗಡ್ಡ, ಫಿಲ್ಟರಿನ ಮೂತಿಗೂ ಗಡ್ಡ. ಇದರ ಹೆಸರೇ ಬ್ಲ್ಯಾಕ್ ಬಿಯರ್ಡ್ ಆಲ್ಗೆ, ಅಂದರೆ ಕಪ್ಪು ಗಡ್ಡದ ಪಾಚಿ. ಮೀನು ಸಾಕುವವರ ಬಾಯಲ್ಲಿ ಬಿಬಿಎ.

ಹನುಮಂತನಗರದ ನಮ್ಮ ಮನೆ ಹಾಲ್‌ನಲ್ಲಿ ಎರಡಡಿ ಉದ್ದದ, ಸುಮಾರು 60 ಲೀಟರಿನ ಟ್ಯಾಂಕ್ ಅದು. ಹತ್ತು ನಿಯಾನ್ ಟೆಟ್ರಾ ಮೀನು, ಒಂದಷ್ಟು ಕೆಂಪು ಚೆರ್ರಿ ಸೀಗಡಿ, ಗಿಡಗಳು. ಬೇರೆ ಪಾಚಿಯಾಗಿದ್ದರೆ ಹಳೇ ಟೂತ್‌ಬ್ರಷ್‌ಗೆ ಶಾವಿಗೆ ಸುತ್ತಿದ ಹಾಗೆ ಸುತ್ತಿ ಎಳೆದು ಹಾಕಬಹುದು. ಇದು ಹಾಗಲ್ಲ. ಉಗುರಿನಲ್ಲಿ ಕೆರೆದರೆ ಎಲೆಯೇ ಹರಿಯುತ್ತದೆ, ಗಡ್ಡ ಬರುವುದಿಲ್ಲ.

ಶಿವಾಜಿನಗರದ ಅಂಗಡಿಯವನೊಬ್ಬ 'ಇದು ಎಲ್ಲಾ ತಿಂದು ಹಾಕತ್ತೆ ಸಾರ್' ಅಂತ ಒಂದು ಸಕ್ಕರ್ ಮೀನು ಕೊಟ್ಟ. ಅದು ಗಾಜು ನೆಕ್ಕಿತು, ಟೆಟ್ರಾಗಳಿಗೆ ಹಾಕಿದ ಕಾಳನ್ನೂ ತಿಂದಿತು, ಗಡ್ಡದ ಕಡೆ ತಿರುಗಿಯೂ ನೋಡಲಿಲ್ಲ. ಅಂಗಡಿಯಲ್ಲಿ ಎರಡಿಂಚು ಇರುವ ಈ ಜಾತಿ ಒಂದಡಿಗೂ ಮೀರಿ ಬೆಳೆಯುತ್ತದೆ ಅಂತ ಆಮೇಲೆ ಗೊತ್ತಾಗಿ, ವಾಪಸ್ ಕೊಟ್ಟು ಬಂದೆ. ದುಡ್ಡು ವಾಪಸ್ ಬರಲಿಲ್ಲ, ಅದು ಬೇರೆ ಮಾತು.

ಆಮೇಲೆ ಬಂತು ಆ ಭಾನುವಾರ. ಹೈಡ್ರೋಜನ್ ಪೆರಾಕ್ಸೈಡ್ ಬಿಟ್ಟರೆ ಬಿಬಿಎ ಸಾಯುತ್ತದೆ ಅಂತ ಓದಿದ್ದೆ. ಮೆಡಿಕಲ್ ಶಾಪಿನಿಂದ ಗಾಯ ತೊಳೆಯುವ ಬಾಟಲಿ ತಂದೆ. ಫಿಲ್ಟರ್ ಆಫ್ ಮಾಡಿ, ಸೂಜಿ ತೆಗೆದ ಸಿರಿಂಜಿನಲ್ಲಿ 25 ಎಂಎಲ್ ಅಳೆದು, ನೀರಿನೊಳಗೆ ಕೈಬಿಟ್ಟು ಗಡ್ಡದ ಬುಡಕ್ಕೇ ಮೆಲ್ಲಗೆ ಬಿಡುತ್ತಾ ಹೋದೆ. ಪಾಚಿಯ ಎಳೆ ಎಳೆಯಲ್ಲೂ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಎದ್ದವು. ಕೊರಡೆಲ್ಲ ಸೋಡಾ ಬಾಟಲಿ ಒಡೆದ ಹಾಗೆ ಬುಸುಗುಡುತ್ತಿತ್ತು. ಎಂಥ ಖುಷಿ ಅಂತೀರಿ.

ಹತ್ತು ನಿಮಿಷಕ್ಕೆ ಸೀಗಡಿಗಳು ಹುಚ್ಚು ಹಿಡಿದಂತೆ ಗಾಜಿಗೆ ಹಾರಲು ಶುರು ಮಾಡಿದವು. ಟೆಟ್ರಾಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಗಾಬರಿಯಲ್ಲಿ ಬಾಟಲಿ ತಿರುಗಿಸಿ ನೋಡಿದೆ: ಶೇ. 6. ನಾನು ಓದಿದ ಅಳತೆ ಶೇ. 3ರ ದ್ರಾವಣದ್ದು. ಲೇಬಲ್ ಓದದೆ ಸರಿಯಾಗಿ ಎರಡು ಪಟ್ಟು ಸುರಿದಿದ್ದೆ. ಡ್ರಮ್ಮಿನಲ್ಲಿ ಹಿಡಿದಿಟ್ಟಿದ್ದ ಕಾವೇರಿ ನೀರಿಗೆ ಕ್ಲೋರಿನ್ ತೆಗೆಯುವ ಹನಿ ಹಾಕಿ ಬಕೆಟ್ ಬಕೆಟ್ ಹೊತ್ತು ಅರ್ಧ ಟ್ಯಾಂಕ್ ಬದಲಾಯಿಸಿದೆ. ಮೀನು ಉಳಿದವು. ಹನ್ನೊಂದು ಸೀಗಡಿ ಬೇಯಿಸಿದ ಹಾಗೆ ಬಿಳಿಚಿಕೊಂಡು ತಳದಲ್ಲಿ ಬಿದ್ದಿದ್ದವು. ಜಾವಾ ಮಾಸ್ ಗಿಡ ವಾರದೊಳಗೆ ಕಂದಾಗಿ ಕರಗಿತು.

ಗಡ್ಡ ಮಾತ್ರ ಎರಡೇ ದಿನಕ್ಕೆ ಗುಲಾಬಿ ಬಣ್ಣಕ್ಕೆ ತಿರುಗಿತು. ಹೆಸರು ಕಪ್ಪಾದರೂ ಇದು ಕೆಂಪು ಪಾಚಿಯ ಕುಲದ್ದು. ಸಾಯುವಾಗ ನಿಜ ಬಣ್ಣ ತೋರಿಸುತ್ತದೆ. ಸತ್ತಿತಲ್ಲ ಪೀಡೆ ಅಂದುಕೊಂಡೆ. ಮೂರು ವಾರಕ್ಕೆ ಹೊಸ ಎಲೆಯ ಅಂಚಿನಲ್ಲಿ ಮತ್ತೆ ರೆಪ್ಪೆಗೂದಲು.

ಒಂದು ಬುಧವಾರ ಜ್ವರ ಅಂತ ರಜೆ ಹಾಕಿ ರೂಮಿನಲ್ಲಿ ಮಲಗಿದ್ದೆ. ಒಂಬತ್ತರ ಹೊತ್ತಿಗೆ ನೀರು ಕುಡಿಯಲು ಎದ್ದು ಬಂದರೆ ಟ್ಯಾಂಕಿನ ಲೈಟು ಝಗ್ ಅಂತ ಉರಿಯುತ್ತಿದೆ. ನಾನು ಟೈಮರ್ ಇಟ್ಟಿದ್ದು ಮಧ್ಯಾಹ್ನ ಎರಡರಿಂದ ರಾತ್ರಿ ಹತ್ತರವರೆಗೆ. ಲೈಟಿನ ಕೆಳಗೆ ಕುರ್ಚಿ ಹಾಕಿಕೊಂಡು ಅಪ್ಪ ಪೇಪರ್ ಓದುತ್ತಿದ್ದಾರೆ.

"ಯಾರಪ್ಪಾ ಲೈಟ್ ಹಾಕಿದ್ದು?"

"ನಾನೇ ಕಣೋ. ಆ ಡಬ್ಬಿ ಪಕ್ಕದಲ್ಲಿ ಒಂದು ಗುಂಡಿ ಇದ್ಯಲ್ಲ, ಹಿಂಗೆ ತಳ್ಳಿದ್ರೆ ಹತ್ಕೊಳ್ಳತ್ತೆ. ಟ್ಯೂಬ್‌ಲೈಟಿಗಿಂತ ಇದ್ರಲ್ಲಿ ಅಕ್ಷರ ಚೆನ್ನಾಗಿ ಕಾಣತ್ತೆ."

ನಾನು ಎಂಟಕ್ಕೆ ಆಫೀಸಿಗೆ ಹೊರಟ ಮೇಲೆ ಎಂಟೂವರೆಗೆ ಶುರು. ಎರಡು ಪೇಪರ್, ಪದಬಂಧ, ಸಣ್ಣ ತೂಕಡಿಕೆ. ಒಂದಕ್ಕೆ ಊಟಕ್ಕೆ ಏಳುವಾಗ ಗುಂಡಿಯನ್ನು ಶಿಸ್ತಾಗಿ ಹಿಂದಕ್ಕೆ ತಳ್ಳುತ್ತಿದ್ದರಂತೆ. ಭಾನುವಾರ ಆ ಜಾಗದಲ್ಲಿ ನಾನು ಕೂತಿರುತ್ತೇನೆ ಅಂತ ವರಾಂಡಕ್ಕೆ ಹೋಗುತ್ತಿದ್ದರು. ಲೆಕ್ಕ ಹಾಕಿದೆ. ದಿನಕ್ಕೆ ಹನ್ನೆರಡೂವರೆ ಗಂಟೆ! ನನ್ನದು ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಇಲ್ಲದ ಟ್ಯಾಂಕ್. ನೀರಿನಲ್ಲಿದ್ದ ಅನಿಲ ಖಾಲಿಯಾದ ಮೇಲೆ ಗಿಡ ಕೈಚೆಲ್ಲಿ ಕೂರುತ್ತದೆ, ಮಿಕ್ಕ ಬೆಳಕೆಲ್ಲ ಪಾಚಿಯ ಪಾಲು.

ಅಡುಗೆಮನೆಯಿಂದ ಅಮ್ಮ ಸೇರಿಸಿದಳು. "ನಮ್ಮ ಸಂಪಲ್ಲಿ ಯಾವತ್ತಾದ್ರೂ ಪಾಚಿ ಕಟ್ಟಿದ್ಯೇನೋ? ಮುಚ್ಚಳ ಹಾಕಿರ್ತೀವಿ, ಅದಕ್ಕೆ. ಇಷ್ಟಕ್ಕೆ ಅದೆಂಥದ್ದೋ ಔಷಧಿ ಹೊಯ್ದು ಸೀಗಡಿ ಸಾಯ್ಸಿದೆ."

ಅಪ್ಪನಿಗೆ ಒಂದು ಟೇಬಲ್ ಲ್ಯಾಂಪ್ ತಂದೆ. ಟೈಮರ್ ಸಂಜೆ ನಾಲ್ಕರಿಂದ ಹತ್ತು, ಆರೇ ಗಂಟೆ. ಗುಂಡಿಗೆ ಟೇಪು. ಗಡ್ಡ ಬಂದ ಎಲೆಗಳನ್ನು ಕತ್ತರಿಸಿದೆ, ಬೇಗ ಬೆಳೆಯುವ ವಾಟರ್ ವಿಸ್ಟೀರಿಯಾ ನೆಟ್ಟೆ, ಮೀನಿನ ಕಾಳು ಅರ್ಧಕ್ಕೆ ಇಳಿಸಿದೆ, ಭಾನುವಾರ ಭಾನುವಾರ 20 ಲೀಟರ್ ನೀರು ಬದಲಾವಣೆ. ಎರಡು ತಿಂಗಳಾಯಿತು. ಹೊಸ ಎಲೆಗಳ ಅಂಚು ಚೊಕ್ಕವಾಗಿವೆ.

ಕೊರಡಿನ ಹಿಂಬದಿಯಲ್ಲಿ ಒಂದು ಹಿಡಿ ಗಡ್ಡ ಇನ್ನೂ ಇದೆ. ಬದುಕಿ ಉಳಿದ ಸೀಗಡಿಗಳು ಅದರೊಳಗೆ ಕೈಯಾಡಿಸಿ ಏನೋ ಹೆಕ್ಕುತ್ತಿರುತ್ತವೆ ಅಂತ ಬಿಟ್ಟಿದ್ದೇನೆ. ಅಪ್ಪ ಲ್ಯಾಂಪಿನ ಪೆಟ್ಟಿಗೆ ಇನ್ನೂ ಒಡೆದಿಲ್ಲ. ಪೇಪರನ್ನೇ ಸಂಜೆ ನಾಲ್ಕಕ್ಕೆ ಓದುತ್ತಾರೆ.