ಬಟನ್ ಮೇಲೆ ಚಿತ್ರವೂ ಇರಲಿ, ಪದವೂ ಇರಲಿ

ಫೆಬ್ರವರಿ 12, 2025, ಬುಧವಾರ

ಫೋಟೋ ವಿಂಗಡಿಸೋಕೆ ಅಂತ ಪೈಥಾನ್‌ನಲ್ಲಿ ಬರೆಯುತ್ತಿರುವ ಪುಟ್ಟ ಪ್ರೋಗ್ರಾಂಗೆ ಇವತ್ತು ಬಟನ್‌ಗಳನ್ನು ಕೂರಿಸಿದೆ. ತೆರೆ, ತಿರುಗಿಸು, ಉಳಿಸು, ಅಳಿಸು, ಮುಚ್ಚು. ಬರೀ ಐಕಾನ್ ಇಟ್ಟರೆ ನೋಡೋಕೆ ಚೆಂದ, ನಿಜ. ಆದರೆ ಬಾಗಿದ ಬಾಣ ಕಂಡರೆ ಏನಂತ ತಿಳಿಯೋದು? ಫೋಟೋ ತಿರುಗುತ್ತಾ, ಹಿಂದಿನ ಕೆಲಸ ರದ್ದಾಗುತ್ತಾ, ಮತ್ತೆ ಲೋಡ್ ಆಗುತ್ತಾ? ಒಂದೇ ಬಾಣ ಒಂದೊಂದು ಪ್ರೋಗ್ರಾಂನಲ್ಲಿ ಒಂದೊಂದು ಕೆಲಸ ಮಾಡುತ್ತದೆ. ಹಾಗಾಗಿ ಪಕ್ಕದಲ್ಲಿ ಪದ ಇರಲೇಬೇಕು. ಅಳಿಸುವ ಬಟನ್ ವಿಷಯದಲ್ಲಂತೂ ರಾಜಿಯೇ ಇಲ್ಲ.

ಕಿಟಕಿ, ಬಟನ್ ಕಟ್ಟೋಕೆ ಪೈಥಾನ್‌ನಲ್ಲಿ ಇರುವ ಟಿಕಿಂಟರ್ ಲೈಬ್ರರಿಯಲ್ಲಿ ಬಟನ್‌ಗೆ ಟೆಕ್ಸ್ಟ್, ಇಮೇಜ್ ಎರಡನ್ನೂ ಕೊಟ್ಟರೆ ಎರಡೂ ಕಾಣಬೇಕು ತಾನೆ? ಇಲ್ಲ, ಚಿತ್ರ ಮಾತ್ರ ಬರುತ್ತದೆ. ಪದ ಮಾಯ. ದೋಷದ ಸಂದೇಶವೂ ಇಲ್ಲ. ಚಿತ್ರ, ಪದ ಎರಡನ್ನೂ ಹೇಗೆ ಜೋಡಿಸಬೇಕು ಅಂತ ಹೇಳುವ 'ಕಾಂಪೌಂಡ್' ಅನ್ನುವ ಆಯ್ಕೆ ಸುಮ್ನೆ ಬಿಟ್ಟರೆ 'ನನ್', ಅಂದರೆ 'ಜೋಡಣೆ ಇಲ್ಲ', ಆಗಿರುತ್ತದೆ, ಅದೇ ಕಾರಣ. ಅದರ ಬದಲು ಲೆಫ್ಟ್ ಅಂದರೆ ಚಿತ್ರ ಎಡಕ್ಕೆ, ಟಾಪ್ ಅಂದರೆ ಚಿತ್ರ ಮೇಲೆ, ಸೆಂಟರ್ ಅಂದರೆ ಚಿತ್ರದ ಮೇಲೇ ಅಕ್ಷರ. ರೈಟ್, ಬಾಟಮ್ ಕೂಡ ಇವೆ. ಹೇಳುವುದು ಚಿತ್ರದ ಜಾಗ, ಪದದ್ದಲ್ಲ. ಟಿಕಿಂಟರ್‌ನ ಹಿಂದೆ ನಿಜವಾಗಿ ಬಟನ್ ಬಿಡಿಸುವುದು ಟಿಕೆ ಅನ್ನುವ ತಂತ್ರಾಂಶ; ಈ ಸೌಲಭ್ಯ ಅದರ 2002ರ 8.4ನೇ ಆವೃತ್ತಿಯಲ್ಲಿ ಬಂತು. ಹಳೇ ಪ್ರೋಗ್ರಾಂಗಳಿಗೆ ತೊಂದರೆ ಆಗದಿರಲಿ ಅಂತ 'ನನ್' ಇಟ್ಟಿರಬಹುದು. ಆದರೂ ಎರಡನ್ನೂ ಕೊಟ್ಟವನಿಗೆ ಒಂದನ್ನೇ ತೋರಿಸುವುದು ನನಗೆ ಒಗ್ಗಲ್ಲ.

ಮೇಲಿನ ಸಾಲಿನ ಬಟನ್‌ಗಳಿಗೆ ಟಾಪ್, ಪಕ್ಕದ ಪಟ್ಟಿಯವಕ್ಕೆ ಲೆಫ್ಟ್ ಕೊಟ್ಟೆ. ಪಕ್ಕದ ಪಟ್ಟಿಯಲ್ಲಿ ಒಂದು ತಮಾಷೆ ನಡೆಯಿತು. ಚಿತ್ರ ಮತ್ತು ಪದ ಒಟ್ಟಾಗಿ ಬಟನ್‌ನ ನಡುವೆ ಕೂರುತ್ತವೆ. 'ತೆರೆ' ಚಿಕ್ಕದು, 'ತಿರುಗಿಸು' ಉದ್ದ. ಹೀಗಾಗಿ ಐಕಾನ್‌ಗಳು ಒಂದರ ಕೆಳಗೊಂದು ಬರದೆ ಅಂಕುಡೊಂಕಾಗಿ ನಿಂತವು. ಒಳಗಿನದ್ದು ಯಾವ ಕಡೆಗೆ ಒರಗಬೇಕು ಅಂತ ಹೇಳುವ ಆ್ಯಂಕರ್‌ಗೆ 'ಡಬ್ಲ್ಯೂ', ಅಂದರೆ ಪಶ್ಚಿಮ, ಅಂತ ಕೊಟ್ಟ ಮೇಲೆ ಎಲ್ಲವೂ ಎಡಗೋಡೆಗೆ ಒರಗಿದವು. ಚಿತ್ರಕ್ಕೂ ಪದಕ್ಕೂ ನಡುವೆ ಉಸಿರಾಡುವಷ್ಟು ಜಾಗ ಬೇಕಾದರೆ ಪ್ಯಾಡ್‌ಎಕ್ಸ್ ಅನ್ನುವ ಆಯ್ಕೆಯ ಅಳತೆ ಹೆಚ್ಚಿಸಬೇಕು.

ಅಗಲದ್ದು ಇನ್ನೊಂದು ಕಥೆ. ಪದ ಮಾತ್ರ ಇರುವ ಬಟನ್‌ಗೆ ಅಗಲ 10 ಅಂದರೆ 10 ಅಕ್ಷರದಷ್ಟು. ಅದೇ ಬಟನ್‌ಗೆ ಚಿತ್ರ ಸೇರಿಸಿದರೆ ಆ 10 ಪಿಕ್ಸೆಲ್ ಆಗಿಬಿಡುತ್ತದೆ! ಬಟನ್ ಕಡ್ಡಿಯಷ್ಟು ಸಪೂರ. ಟಿಕಿಂಟರ್‌ನಲ್ಲೇ ಇರುವ ಹೊಸ ಬಗೆಯ ಟಿಟಿಕೆ ಬಟನ್‌ನಲ್ಲಿ ಈ ರಗಳೆ ಇಲ್ಲ, ಅಲ್ಲಿ ಅಗಲ ಯಾವಾಗಲೂ ಅಕ್ಷರದ ಲೆಕ್ಕದಲ್ಲೇ.

ಮಧ್ಯಾಹ್ನ ಗೆಳೆಯನೊಬ್ಬ ತನ್ನ ಕೋಡ್ ಕಳಿಸಿದ. ಪದ ಸರಿಯಾಗಿದೆ, ಪಕ್ಕದಲ್ಲಿ ಚಿತ್ರದಷ್ಟೇ ದೊಡ್ಡ ಖಾಲಿ ಜಾಗ. ನೋಡಿದ ಕೂಡಲೇ ಗೊತ್ತಾಯಿತು. ಚಿತ್ರವನ್ನು ಫಂಕ್ಷನ್ ಒಳಗಿನ ವೇರಿಯಬಲ್‌ನಲ್ಲಿ ಇಟ್ಟಿದ್ದಾನೆ. ಫಂಕ್ಷನ್ ಮುಗಿದರೆ ಆ ವೇರಿಯಬಲ್ ಹೋಗುತ್ತದೆ, ಅದರ ಹಿಂದೆಯೇ ಪೈಥಾನ್ ಚಿತ್ರವನ್ನೂ ಅಳಿಸಿಬಿಡುತ್ತದೆ. ಬಟನ್‌ಗೆ ಗೊತ್ತಿರುವುದು ಚಿತ್ರದ ಹೆಸರು ಮಾತ್ರ. ಟಿಕೆ ಆ ಚಿತ್ರದ ಅಳತೆಯನ್ನು ಮಾತ್ರ ಉಳಿಸಿಕೊಂಡು ಖಾಲಿ ಜಾಗ ಬಿಡುತ್ತದೆ. ಬಟನ್‌ಗೇ ಒಂದು ಗುಣವಾಗಿ ಅಂಟಿಸಿದರೆ, ಇಲ್ಲವೇ ಕ್ಲಾಸಿನ ಡಿಕ್ಷನರಿಯಲ್ಲಿ (ಹೆಸರು ಕೊಟ್ಟು ವಸ್ತುಗಳನ್ನು ಇಡುವ ಪೈಥಾನ್ ಸಂಗ್ರಹ) ಇಟ್ಟರೆ, ಚಿತ್ರ ಉಳಿಯುತ್ತದೆ. ಡಿಕ್ಷನರಿಯೇ ವಾಸಿ ಅನ್ನುವುದು ನನ್ನ ಅಭಿಪ್ರಾಯ. ಹತ್ತಾರು ಐಕಾನ್ ಇದ್ದಾಗ ಎಲ್ಲ ಒಂದೇ ಕಡೆ ಸಿಗುತ್ತವೆ.

ಐಕಾನ್ ಫೈಲ್ ಪಿಎನ್‌ಜಿ ಆದರೆ ಸಾಕು, 8.6ನೇ ಆವೃತ್ತಿಯಿಂದ ಟಿಕೆ ಅದನ್ನು ನೇರವಾಗಿ ಓದುತ್ತದೆ. ಜೆಪೆಗ್‌ಗೆ ಪಿಲ್ಲೋ ಅನ್ನುವ, ಚಿತ್ರಗಳನ್ನು ಓದಿ ತಿದ್ದುವ ಪೈಥಾನ್ ಲೈಬ್ರರಿ ಬೇಕು. ನನ್ನ ಐಕಾನ್‌ಗಳು 48 ಪಿಕ್ಸೆಲ್, ಬೇಕಿರುವುದು 32. ಟಿಕಿಂಟರ್‌ನಲ್ಲಿ ಚಿತ್ರ ಹಿಡಿದಿಡುವ ಫೋಟೋಇಮೇಜ್‌ನ ಜೂಮ್ (ಹಿಗ್ಗಿಸು), ಸಬ್‌ಸ್ಯಾಂಪಲ್ (ಕುಗ್ಗಿಸು) ಎರಡೂ ಪೂರ್ಣ ಸಂಖ್ಯೆಯನ್ನಷ್ಟೇ ಒಪ್ಪುತ್ತವೆ. ಎರಡು ಪಟ್ಟು ದೊಡ್ಡದು ಮಾಡಿ 96, ಮೂರರಲ್ಲಿ ಒಂದು ಭಾಗ ಮಾಡಿ 32. ಲೆಕ್ಕ ಸರಿ, ಅಂಚು ಮಾತ್ರ ಗರಗಸ. ಪಿಲ್ಲೋದ ಲ್ಯಾಂಕ್‌ಜೋಸ್ ಅನ್ನುವ ವಿಧಾನದಲ್ಲಿ ಕುಗ್ಗಿಸಿದ ಮೇಲೆ ನುಣುಪಾಯಿತು.

ಫೋಟೋ ಆರಿಸದೇ ಇದ್ದಾಗ 'ಅಳಿಸು' ಮಂಕಾಗಿ ಕಾಣಬೇಕು. ಟಿಟಿಕೆ ಬಟನ್‌ಗೆ ಒಂದೇ ಚಿತ್ರದ ಬದಲು ಪಟ್ಟಿ ಕೊಡಬಹುದು: ಮೊದಲು ಮಾಮೂಲಿ ಚಿತ್ರ, ಆಮೇಲೆ 'ಡಿಸೇಬಲ್ಡ್' ಅನ್ನುವ ಸ್ಥಿತಿ, ಅದಕ್ಕೊಂದು ಬೂದು ಚಿತ್ರ. ಸ್ಥಿತಿ ಬದಲಾದಾಗ ಚಿತ್ರ ತಾನೇ ಬದಲಾಗುತ್ತದೆ. ಆ ಬೂದು ಚಿತ್ರವೂ ಡಿಕ್ಷನರಿಯಲ್ಲಿ ಇರಬೇಕು, ಮರೆಯಬಾರದು.

ಒಂದು ಉಳಿದಿದೆ. ಲಿನಕ್ಸ್‌ನಲ್ಲಿ ಟಿಕೆ 8.6 ಅಕ್ಷರಗಳನ್ನು ಒಂದೊಂದಾಗಿ ಜೋಡಿಸುತ್ತದೆ, ಅದಕ್ಕೇ ಕನ್ನಡದ ಒತ್ತಕ್ಷರ ಬಿಡಿಬಿಡಿಯಾಗಿ ಬೀಳುತ್ತದೆ. 'ಮುಚ್ಚು' ಓದೋಕೇ ಆಗಲ್ಲ. ಪಿಲ್ಲೋದಲ್ಲಿ ಒತ್ತಕ್ಷರಗಳನ್ನು ಸರಿಯಾಗಿ ಕೂಡಿಸುವ ರಾಕ್ಮ್ ಲೇಔಟ್ ಬಳಸಿ ಪದವನ್ನೂ ಚಿತ್ರವಾಗಿ ಬರೆಸಿಬಿಡಬಹುದು. ಆಗ ಫಾಂಟ್ ಗಾತ್ರ ಬದಲಿಸಿದರೆ ಪದ ಬದಲಾಗಲ್ಲ, ಎಲ್ಲವನ್ನೂ ಮತ್ತೆ ಬರೆಸಬೇಕು. ಸದ್ಯಕ್ಕೆ ಒತ್ತಕ್ಷರ ಇರುವ ಬಟನ್‌ಗಳಿಗೆ ಮಾತ್ರ ಹಾಗೆ ಮಾಡಿದ್ದೇನೆ. ನಾಳೆ ವಿಂಡೋಸ್‌ನಲ್ಲಿ ಓಡಿಸಿ ನೋಡಬೇಕು.