ಎಣ್ಣೆ ಬಿದ್ದ ಜಾಗ ಬೇರೆ, ಸೋರಿದ ಜಾಗ ಬೇರೆ

ಕಲಬುರಗಿಯ ಅಂಗಳಗಳಲ್ಲಿ ಹಾಸಿರುವ ಶಹಾಬಾದ್ ಫರ್ಸಿ, ಎಂಜಿನ್ ಆಯಿಲಿನ ಒಂದು ಹನಿಯನ್ನೂ ಮುಚ್ಚಿಡುವುದಿಲ್ಲ. ಸುಣ್ಣದಕಲ್ಲಿನ ಜಾತಿಯ ಈ ಕಲ್ಲು ಎಣ್ಣೆಯನ್ನು ಹೀರಿಕೊಂಡು ಕಪ್ಪಗಾಗುತ್ತದೆ. (ಕಲೆ ತೆಗೆಯಲೆಂದು ಆಸಿಡ್ ಸುರಿಯುವವರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ, ಆಸಿಡ್ ಸುಣ್ಣದಕಲ್ಲನ್ನೇ ಕರಗಿಸುತ್ತದೆ.) ಹತ್ತು ವರ್ಷ ದಾಟಿದ ನಮ್ಮ ಪೆಟ್ರೋಲ್ ಕಾರಿನ ಕೆಳಗೆ ಇಂಥ ಕಲೆಯೊಂದು ಅಗಲವಾಗುತ್ತ ಬಂದಾಗ, ಪರಿಚಯದ ಮಿಸ್ತ್ರಿಯೊಬ್ಬರು ಬಗ್ಗಿ ನೋಡಿ, “ಚೇಂಬರ್ ಪ್ಯಾಕಿಂಗ್ ಹೋಗ್ಯಾದ್ರಿ ಸರ್, ಇಳಸಬೇಕಾಗ್ತದ” ಎಂದರು. ಚೇಂಬರ್ ಎಂದರೆ ಎಂಜಿನ್ನಿನ ಅಡಿಯಲ್ಲಿ ಎಣ್ಣೆ ನಿಲ್ಲುವ ತೊಟ್ಟಿ, ಪ್ಯಾಕಿಂಗ್ ಎಂದರೆ ಎರಡು ಭಾಗಗಳ ನಡುವೆ ಎಣ್ಣೆ ಸೋರದಂತೆ ಕೂರಿಸುವ ಪಟ್ಟಿ. ಚೇಂಬರಿನ ತಳವೆಲ್ಲ ಒದ್ದೆಯಾಗಿದ್ದುದರಿಂದ ಅವರಿಗೆ ಹಾಗೆ ಅನ್ನಿಸಿದ್ದು ಸಹಜವೇ. ಆದರೆ ಎಂಜಿನ್ನಿನ ನೆತ್ತಿಯಲ್ಲಿ ಸೋರಿದ ಎಣ್ಣೆಯೂ ಬ್ಲಾಕಿನ ಗೋಡೆಗುಂಟ ಇಳಿದು, ಗಾಡಿ ಓಡುವಾಗಿನ ಗಾಳಿಗೆ ಹಿಂದಕ್ಕೆ ಸರಿದು, ಕೊನೆಗೆ ಚೇಂಬರಿನ ಅಂಚಿನಿಂದಲೇ ತೊಟ್ಟಿಕ್ಕುತ್ತದೆ. ಆದ್ದರಿಂದ ಹುಡುಕಬೇಕಾದದ್ದು ಹನಿ ಬೀಳುವ ಜಾಗವನ್ನಲ್ಲ, ಎಲ್ಲಕ್ಕಿಂತ ಮೇಲೆ ಒದ್ದೆಯಾಗಿರುವ ಜಾಗವನ್ನು.

ಅದನ್ನು ಕಾಣಬೇಕಾದರೆ ಎಂಜಿನ್ ಮೊದಲು ಸ್ವಚ್ಛವಾಗಬೇಕು. ನಮ್ಮ ಕಡೆಯ ಧೂಳು ಎಣ್ಣೆಗೆ ಅಂಟಿ ಗಟ್ಟಿ ಪದರವಾಗಿ ಕೂತಿರುತ್ತದೆ. ಅದರ ಮೇಲೆ ಹೊಸ ಸೋರಿಕೆ ಯಾವುದು, ಹಳೆಯ ಕೊಳೆ ಯಾವುದು ಎಂದು ಯಾರಿಗೂ ಹೇಳಲಾಗದು. ಎಂಜಿನ್ ತಣ್ಣಗಿದ್ದಾಗ ಆಲ್ಟರ್ನೇಟರನ್ನೂ ಇಗ್ನಿಷನ್ ಕಾಯಿಲ್‌ಗಳನ್ನೂ ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿ, ಡಿಗ್ರೀಸರ್ ಹಚ್ಚಿ, ಬ್ರಶ್ಶಿನಿಂದ ತಿಕ್ಕಿ, ಬಟ್ಟೆಯಿಂದ ಒರೆಸಿದೆ. ಜೋರು ನೀರಿನ ಪೈಪು ಹಿಡಿಯುವುದು ನನಗೆ ಒಪ್ಪಿಗೆಯಿಲ್ಲ, ವೈರಿಂಗಿನ ಕನೆಕ್ಟರುಗಳೊಳಗೆ ನೀರು ಹೊಕ್ಕರೆ ಇನ್ನೊಂದು ತೊಂದರೆ ಹುಟ್ಟುತ್ತದೆ. ಪೂರ್ತಿ ಒಣಗಿದ ಮೇಲೆ ಅನುಮಾನವಿದ್ದ ಜೋಡಣೆಗಳ ಮೇಲೆಲ್ಲ ಮುಖಕ್ಕೆ ಹಚ್ಚುವ ಸಾದಾ ಪೌಡರನ್ನು ತೆಳ್ಳಗೆ ಊದಿ, ಎಂಜಿನ್ ಚೆನ್ನಾಗಿ ಕಾಯುವವರೆಗೆ ರಿಂಗ್ ರಸ್ತೆಯಲ್ಲಿ ಓಡಿಸಿ ತಂದು ಬಾನೆಟ್ ಎತ್ತಿದಾಗ ಉತ್ತರ ಕಣ್ಣೆದುರಿಗೇ ಇತ್ತು: ಎಂಜಿನ್ನಿನ ನೆತ್ತಿಯನ್ನು ಮುಚ್ಚುವ ಟ್ಯಾಪೆಟ್ ಕವರಿನ ಹಿಂಬದಿಯ ಮೂಲೆಯಿಂದ ಒಂದು ಕಂದು ಗೆರೆ ಬಿಳಿ ಪೌಡರನ್ನು ಸೀಳಿಕೊಂಡು ಇಳಿದಿತ್ತು. ಚೇಂಬರ್ ಪ್ಯಾಕಿಂಗ್ ಸುತ್ತಲಿನ ಪೌಡರ್ ಒಣಗಿಯೇ ಇತ್ತು. ಎಸಿ ಹಾಕಿದಾಗ ಒಳಗೆ ಬರುತ್ತಿದ್ದ ಸುಟ್ಟ ವಾಸನೆಗೂ ಇದೇ ಕಾರಣ, ಏಕೆಂದರೆ ಆ ಮೂಲೆಯ ಕೆಳಗೇ ಎಂಜಿನ್ನಿನ ಹೊಗೆಯನ್ನು ಹೊರಗೊಯ್ಯುವ ಕಾದ ಕೊಳವೆ, ಎಗ್ಸಾಸ್ಟ್ ಮ್ಯಾನಿಫೋಲ್ಡ್ ಇದೆ. ಅಲ್ಲಿ ಎಣ್ಣೆ ಬೀಳುವುದನ್ನು ಹಗುರವಾಗಿ ನೋಡಬಾರದು, ಅದು ಬೆಂಕಿಯ ಅಪಾಯ.

ಪ್ಯಾಕಿಂಗ್ ಏಕೆ ಹಾಳಾಗುತ್ತದೆ? ನಮ್ಮ ಬೇಸಿಗೆ 42 ಡಿಗ್ರಿ ದಾಟುತ್ತದೆ ನಿಜ, ಆದರೆ ಎಂಜಿನ್ನಿನೊಳಗಿನ ಕಾವು ಅದರ ಎರಡು ಪಟ್ಟಿಗಿಂತ ಹೆಚ್ಚು. ವರ್ಷಗಟ್ಟಲೆ ಕಾದು ಆರಿ, ಕಾದು ಆರಿ, ರಬ್ಬರು ತನ್ನ ಮೆತುತನ ಕಳೆದುಕೊಳ್ಳುತ್ತದೆ. ನಾನು ತೆಗೆದ ಹಳೆಯ ಪ್ಯಾಕಿಂಗ್ ಬಾಗಿಸಿದರೆ ಹಪ್ಪಳದಂತೆ ಮುರಿಯಿತು. ಇದಕ್ಕಿಂತ ಕಡಿಮೆ ಜನ ಗಮನಿಸುವ ಕಾರಣ ಇನ್ನೊಂದಿದೆ. ಪಿಸ್ಟನ್ ರಿಂಗುಗಳನ್ನು ದಾಟಿ ಕೆಳಗಿಳಿಯುವ ಅನಿಲವನ್ನು ಮರಳಿ ಇಂಟೇಕಿಗೆ ಎಳೆದುಕೊಳ್ಳಲು ಪಿಸಿವಿ ವಾಲ್ವ್ ಎಂಬ ಸಣ್ಣ ಬಿಡಿಭಾಗವಿರುತ್ತದೆ. ಅದು ಜಿಡ್ಡುಗಟ್ಟಿ ಮುಚ್ಚಿಕೊಂಡರೆ ಎಂಜಿನ್ನಿನೊಳಗೆ ಒತ್ತಡ ಬೆಳೆದು, ಎಲ್ಲಿ ಸೀಲು ದುರ್ಬಲವೋ ಅಲ್ಲಿಂದ ಎಣ್ಣೆಯನ್ನು ಹೊರಕ್ಕೆ ನೂಕುತ್ತದೆ. ಹೊಸ ಪ್ಯಾಕಿಂಗ್ ಹಾಕಿದರೂ ಮತ್ತೆ ಸೋರಿತೆಂದು ಬೇಸರಪಡುವವರು ಮೊದಲು ಈ ವಾಲ್ವನ್ನು ಬಿಚ್ಚಿ ಅಲ್ಲಾಡಿಸಿ ನೋಡಬೇಕು. ಒಳಗಿನ ಬಿಲ್ಲೆ ಟಕಟಕ ಸದ್ದು ಮಾಡದಿದ್ದರೆ ಬದಲಿಸಬೇಕು. ಅದರ ಬೆಲೆ ದೊಡ್ಡದೇನಲ್ಲ.

ಟ್ಯಾಪೆಟ್ ಕವರಿನ ಕೆಲಸವೆಲ್ಲ ಮೇಲಿನಿಂದಲೇ ಆಗುವುದರಿಂದ ಜಾಕ್ ಹಾಕಿ ಕಾರಿನಡಿ ನುಗ್ಗುವ ಪ್ರಸಂಗವಿಲ್ಲ. ಮನೆಯಲ್ಲಿ ಕಲಿಯುವವರಿಗೆ ಇದು ಒಳ್ಳೆಯ ಆರಂಭ. ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ, ಕಾಯಿಲ್‌ಗಳನ್ನು ಕ್ರಮದಲ್ಲಿ ತೆಗೆದಿಟ್ಟು, ಬೋಲ್ಟುಗಳನ್ನು ಹೊರಗಿನಿಂದ ಒಳಕ್ಕೆ ಸ್ವಲ್ಪ ಸ್ವಲ್ಪವೇ ಸಡಿಲಿಸಿ ಕವರನ್ನು ಎತ್ತಿದೆ. ಕವರ್ ಕೂರುವ ಹೆಡ್ಡಿನ (ಎಂಜಿನ್ನಿನ ಮೇಲ್ಭಾಗದ) ಅಂಚನ್ನು ಒರೆಸುವಾಗ ಎರಡು ಎಚ್ಚರಿಕೆ ಬೇಕು. ಹೆಡ್ ಅಲ್ಯೂಮಿನಿಯಮ್ಮಿನದು, ಕಬ್ಬಿಣದ ಪಟ್ಟಿಯಿಂದ ಕೆರೆದರೆ ಗೀರು ಬಿದ್ದು ಅದೇ ಹೊಸ ಸೋರಿಕೆಯ ದಾರಿಯಾಗುತ್ತದೆ. ಪ್ಲಾಸ್ಟಿಕ್ ಪಟ್ಟಿ ಸಾಕು. ಇನ್ನು ತೆರೆದ ಎಂಜಿನ್ನಿನೊಳಗೆ ಮಣ್ಣಾಗಲಿ ದಾರದ ಎಳೆಯಾಗಲಿ ಬೀಳಬಾರದು, ಹಾಗಾಗಿ ಗಾಳಿ ಬೀಸುವ ಹೊತ್ತಿನಲ್ಲಿ ಈ ಕೆಲಸ ಬೇಡ. ಹೊಸ ಪ್ಯಾಕಿಂಗ್ ಕೂರಿಸುವಾಗ ಸ್ಪಾರ್ಕ್ ಪ್ಲಗ್ ಕೊಳವೆಗಳ ಸುತ್ತಲಿನ ಉಂಗುರದಂಥ ಸೀಲುಗಳನ್ನೂ ಜೊತೆಗೇ ಬದಲಿಸಿದೆ.

ಸಿಲಿಕಾನ್ ಪೇಸ್ಟಿನ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಕಟ್ಟುನಿಟ್ಟಿನದು. ರಬ್ಬರ್ ಪ್ಯಾಕಿಂಗಿನ ಸುತ್ತಲೂ ಅದನ್ನು ಬಳಿಯುವ ರೂಢಿ ಅನೇಕ ಕಡೆ ಇದೆ. ಬೇಕಾದದ್ದು ಎಂಜಿನ್ನಿನ ಒಂದು ಬದಿಯನ್ನು ಮುಚ್ಚುವ ಟೈಮಿಂಗ್ ಕವರ್ ಮತ್ತು ಹೆಡ್ ಕೂಡುವ ಮೂಲೆಗಳಲ್ಲಿ ಮಾತ್ರ, ಅದೂ ಕಾಳಿನಷ್ಟು. ಹೆಚ್ಚಾಗಿ ಬಳಿದದ್ದು ಒಳಗೆ ಕಿತ್ತುಬಿದ್ದು, ಚೇಂಬರಿನಲ್ಲಿರುವ ಆಯಿಲ್ ಪಂಪಿನ ಜಾಲರಿಗೆ ಅಡ್ಡಕೂತರೆ ಎಂಜಿನ್ನಿಗೆ ಎಣ್ಣೆಯೇ ಏರುವುದಿಲ್ಲ. ಹನಿ ಸೋರಿಕೆಯನ್ನು ನಿಲ್ಲಿಸಲು ಹೋಗಿ ಎಂಜಿನ್ನನ್ನೇ ಕಳೆದುಕೊಂಡಂತಾಗುತ್ತದೆ. ಬೋಲ್ಟುಗಳ ಬಿಗಿತದಲ್ಲೂ ಇದೇ ಸಂಯಮ ಬೇಕು. ಬಹಳಷ್ಟು ಸಣ್ಣ ಕಾರುಗಳಲ್ಲಿ ಈ ಬೋಲ್ಟುಗಳಿಗೆ 10 ನ್ಯೂಟನ್ ಮೀಟರಿನ ಆಸುಪಾಸಿನ ಬಿಗಿ ಸಾಕು. ನಿಮ್ಮ ಗಾಡಿಯ ಸರ್ವಿಸ್ ಪುಸ್ತಕದ ಅಂಕಿಯೇ ಅಂತಿಮ. ಉದ್ದ ಪಾನಾ ಹಿಡಿದು ತೋಳಿನ ಬಲ ಹಾಕಿದರೆ ಪ್ಯಾಕಿಂಗ್ ಹಿಂಡಿಹೋಗುತ್ತದೆ, ಕವರ್ ಸೊಟ್ಟಾಗುತ್ತದೆ, ಕೆಲವೊಮ್ಮೆ ಹೆಡ್ಡಿನ ಥ್ರೆಡ್ಡೇ ಹೋಗುತ್ತದೆ. ನಾನು ಬಿಗಿಯನ್ನು ಅಳೆದು ತೋರಿಸುವ ಟಾರ್ಕ್ ಪಾನಾ ತಂದು, ನಡುವಿನಿಂದ ಆರಂಭಿಸಿ ಹೊರಕ್ಕೆ ಅಡ್ಡಡ್ಡವಾಗಿ, ಹಂತಹಂತವಾಗಿ ಬಿಗಿದೆ. ಪೇಸ್ಟು ಒಣಗಲು ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಡಿಪ್‌ಸ್ಟಿಕ್ ನೋಡಿ ಕಡಿಮೆಯಾಗಿದ್ದಷ್ಟು ಆಯಿಲ್ ಸುರಿದು ಸ್ಟಾರ್ಟ್ ಮಾಡಿದೆ. ಪೌಡರಿನ ಪರೀಕ್ಷೆಯನ್ನು ಮತ್ತೆ ಮಾಡಿದಾಗ ಆ ಮೂಲೆ ಒಣಗಿಯೇ ಉಳಿಯಿತು.

ಎಲ್ಲ ಸೋರಿಕೆಗಳೂ ಮನೆಯಂಗಳದಲ್ಲಿ ಮುಗಿಯುವಂಥವಲ್ಲ. ಪೌಡರಿನ ಮೇಲೆ ಗೆರೆಯೇ ಮೂಡದೆ, ಎಂಜಿನ್ ಮತ್ತು ಗೇರ್‌ಬಾಕ್ಸ್ ಕೂಡುವ ಜಾಗದ ಅಡಿಯಿಂದ ಎಣ್ಣೆ ತೊಟ್ಟಿಕ್ಕುತ್ತಿದ್ದರೆ ಅದು ಬಹುಪಾಲು ಎಂಜಿನ್ನಿನ ತಿರುಗುವ ಮುಖ್ಯ ದಂಡವಾದ ಕ್ರ್ಯಾಂಕಿನ ಹಿಂಬದಿಯ ಆಯಿಲ್ ಸೀಲು. ಆ ಸೀಲಿನ ಬೆಲೆ ಅಲ್ಪ, ಆದರೆ ಅದನ್ನು ಮುಟ್ಟಬೇಕಾದರೆ ಗೇರ್‌ಬಾಕ್ಸನ್ನೇ ಇಳಿಸಬೇಕು. ಅಂಥ ಗಾಡಿಯನ್ನು ಗ್ಯಾರೇಜಿಗೆ ಒಯ್ಯಿರಿ, ಒಯ್ಯುವವರೆಗೆ ಪ್ರತಿ ಬೆಳಿಗ್ಗೆ ಡಿಪ್‌ಸ್ಟಿಕ್ ನೋಡಿಯೇ ಹೊರಡಿರಿ.