ಮಕ್ಕಳ ಜೊತೆ ಮಂಗಳೂರು: ಮೊದಲು ಮಣ್ಣು, ಆಮೇಲೆ ಮ್ಯೂಸಿಯಂ

ಇಬ್ಬರು ಮಕ್ಕಳ ಸಲುವಾಗಿ 1,400 ರೂಪಾಯಿ ಕೊಟ್ಟು ಮೋಸ ಹೋದ ಕಥೆಯನ್ನೇ ಮೊದಲು ಹೇಳಿಬಿಡುತ್ತೇನೆ. ನೀವಾದರೂ ಬಚಾವಾಗಿ.

ಮಂಗಳೂರಿನಲ್ಲಿ ಒಂದು ಕಡೆ 'ಮಕ್ಕಳಿಗೆ ಕರಾವಳಿ ಕಲೆಯ ಕಾರ್ಯಾಗಾರ' ಅಂತ ಬೋರ್ಡ್ ಹಾಕಿದ್ದರು. ಒಳಗೆ ಹೋದರೆ ಎಸಿ ಹಾಲ್, ಯಕ್ಷಗಾನದ ಕಿರೀಟ ಪ್ರಿಂಟ್ ಮಾಡಿದ ಹಾಳೆ, ಒಂದು ಡಬ್ಬಿ ಸ್ಕೆಚ್ ಪೆನ್. ಗೆರೆ ದಾಟದೆ ಬಣ್ಣ ತುಂಬಬೇಕು, ಅಷ್ಟೇ. ಆರು ವರ್ಷದ ಮಗ ಹತ್ತು ನಿಮಿಷಕ್ಕೆ ಮುಗಿಸಿ 'ಮನೆಗೆ ಹೋಗೋಣ' ಅಂದ. ದುಡ್ಡು ಕಟ್ಟುವ ಮೊದಲು ಒಂದೇ ಪ್ರಶ್ನೆ ಕೇಳಿ: ಮಕ್ಕಳ ಕೈಗೆ ಏನು ಕೊಡುತ್ತೀರಿ? ಉತ್ತರ 'ಶೀಟ್' ಅಂತ ಬಂದರೆ ವಾಪಸ್ ಬನ್ನಿ.

ಮರುದಿನ ಪಿಲಿಕುಳ ನಿಸರ್ಗಧಾಮಕ್ಕೆ ಹೋದೆವು. ಊರಿನಿಂದ ಸುಮಾರು 12 ಕಿಲೋಮೀಟರ್. ಸೋಮವಾರ ರಜೆ, ನೆನಪಿರಲಿ. ಎಲ್ಲರೂ ನೇರ ಪ್ರಾಣಿಗಳನ್ನು ನೋಡಲು ಓಡುತ್ತಾರೆ. ನೀವು ಬೆಳಿಗ್ಗೆಯೇ ಗುತ್ತಿನಮನೆ (ತುಳುನಾಡಿನ ಹಳೆ ಜಮೀನ್ದಾರಿ ಮನೆಯ ಮಾದರಿ) ಮತ್ತು ಕುಶಲಕರ್ಮಿಗಳ ಗ್ರಾಮದ ಕಡೆ ಹೋಗಿ. ಹುಲಿ ನೋಡಿ ಸುಸ್ತಾದ ಮಕ್ಕಳಿಗೆ ಮಣ್ಣು ಮುಟ್ಟುವ ಉತ್ಸಾಹ ಇರುವುದಿಲ್ಲ. ಎಲ್ಲ ಕಸುಬಿನವರೂ ಎಲ್ಲ ಹೊತ್ತಿನಲ್ಲೂ ಕೆಲಸ ಮಾಡುತ್ತಿರುತ್ತಾರೆ ಅಂತಲೂ ಇಲ್ಲ. ನಾವು ಹೋದಾಗ ಮಡಕೆ ಮಾಡುವವರು ಇದ್ದರು. ನಮಗೆ ಅಷ್ಟೇ ಸಾಕಾಯಿತು.

ಮಗಳು ನೋಡುತ್ತಾ ನಿಂತಿದ್ದಳು. 'ನಾನೂ ಮಾಡ್ಲಾ ಅಣ್ಣ?' ಅಂತ ಕೇಳಿದಳು. ಅವರು ಪಕ್ಕಕ್ಕೆ ಸರಿದು ಜಾಗ ಕೊಟ್ಟರು. ತಿರುಗುವ ಮಣ್ಣಿನ ಮೇಲೆ ಅವಳು ಬಲವಾಗಿ ಒತ್ತಿದಳು, ಮುದ್ದೆ ಒಂದು ಕಡೆಗೆ ವಾಲಿತು. 'ಒತ್ತಬೇಡ ಮಗಾ, ಕೈ ಗಟ್ಟಿ ಹಿಡಿ. ಮಣ್ಣು ತಾನಾಗಿ ಬರ್ತದೆ' ಅಂದರು. ಮೊಣಕೈಯನ್ನು ತೊಡೆಗೆ ಆನಿಸಿ ಕೂರಿಸಿದರು. ಮೂರನೇ ಸಲಕ್ಕೆ ಅವಳ ಹೆಬ್ಬೆರಳು ಮಣ್ಣಿನ ನಡುವೆ ಇಳಿಯಿತು, ಸುತ್ತ ಗೋಡೆ ಎದ್ದಿತು. ಅಂಚು ಅಂಕುಡೊಂಕಾಗಿದ್ದ ಒಂದು ಪುಟ್ಟ ಬಟ್ಟಲು. ಅದನ್ನು ದಾರದಿಂದ ಕೊಯ್ದು ಅವಳ ಅಂಗೈ ಮೇಲೆ ಇಟ್ಟಾಗ ಅವಳು ಉಸಿರೇ ಬಿಡಲಿಲ್ಲ. ಹಳೆ ಬಟ್ಟೆ, ಒಂದು ಗಟ್ಟಿ ಡಬ್ಬಿ ಜೊತೆಗಿರಲಿ. ನಮ್ಮ ಬಟ್ಟಲು ಬಸ್ಸಿನ ನೂಕುನುಗ್ಗಲಿಗೆ ಚಪ್ಪಟೆಯಾಯಿತು. ಅವಳು ಅತ್ತದ್ದನ್ನು ನೆನೆದರೆ ನನಗೆ ಈಗಲೂ ಬೇಜಾರಾಗುತ್ತದೆ.

ಅಳು ನಿಂತದ್ದು ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡ್ ಹತ್ತಿರದ ಗಲ್ಲಿಯ ಒಂದು ಪುಟ್ಟ ಹೋಟೆಲಿನಲ್ಲಿ. ನಾಲ್ಕೇ ಮೇಜು, ಬೋರ್ಡ್ ಕೂಡ ಇಲ್ಲ. ಸಜ್ಜಿಗೆ-ಬಜಿಲ್ ತಿಂದೆವು. ಬಿಸಿ ಉಪ್ಪಿಟ್ಟಿನ ಮೇಲೆ ಖಾರದ ಅವಲಕ್ಕಿ ಹಾಕಿ ಕೊಡುತ್ತಾರೆ, ಬಾಯಲ್ಲಿ ಒಮ್ಮೆ ಮೆತ್ತಗೆ, ಒಮ್ಮೆ ಕರುಕುರು. ಬನ್ಸ್ ಮುರಿದರೆ ಬಾಳೆಹಣ್ಣಿನ ಘಮ. 'ಇನ್ನೊಂದು ತಿನ್ನು ಮಾರಾಯಾ' ಅಂತ ಮಗನ ತಟ್ಟೆಗೆ ಹೋಟೆಲಿನವರೇ ಒಂದು ಬನ್ಸ್ ಹಾಕಿದರು, ಬಿಲ್ಲಿಗೆ ಸೇರಿಸಲಿಲ್ಲ. ನಾಲ್ಕು ಜನಕ್ಕೆ, ಚಹಾ ಸೇರಿ, 210 ರೂಪಾಯಿ. ಮೂರು ಸಲ ಹೋದೆವು.

ಕೊನೆಯ ದಿನ ಬಾವುಟಗುಡ್ಡೆಯ ಸಂತ ಅಲೋಶಿಯಸ್ ಚಾಪೆಲ್. ಗೋಡೆ, ಮೇಲ್ಛಾವಣಿ ತುಂಬಾ ಇಟಲಿಯಿಂದ ಬಂದ ಆಂಟೋನಿಯೋ ಮೊಸ್ಕೆನಿ ಬಿಡಿಸಿದ ಚಿತ್ರಗಳು. ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ, ಕಳಚಿ ತಂದು ಮತ್ತೆ ಜೋಡಿಸಿದ ಅಷ್ಟು ಚಂದದ ಹಳೆ ಮನೆಗಳ ಮುಂದೆಯೂ ನನ್ನ ಮಕ್ಕಳು ಆಕಳಿಸಿದ್ದರು. ಮಣ್ಣು ಮುಟ್ಟಿಸುವ ಮೊದಲೇ ಅಲ್ಲಿಗೆ ಕರೆದುಕೊಂಡು ಹೋದದ್ದೇ ನನ್ನ ತಪ್ಪು. ಇಲ್ಲಿ ಹಾಗಾಗಲಿಲ್ಲ. ಗೋಡೆಯ ಚಿತ್ರಗಳನ್ನು ಸುಣ್ಣದ ಗಾರೆ ಹಸಿಯಾಗಿರುವಾಗಲೇ ಬರೆಯಬೇಕು, ಒಣಗಿದರೆ ಬಣ್ಣ ಒಳಗೆ ಹಿಡಿಯುವುದಿಲ್ಲ, ಅದಕ್ಕೇ ಒಂದು ದಿನಕ್ಕೆ ಬರೆಯುವಷ್ಟೇ ಗಾರೆ ಬಳಿಯುತ್ತಾರೆ ಅಂತ ಮಗಳಿಗೆ ಹೇಳಿದೆ. ಅವಳು ತನ್ನ ಅಂಗೈ ನೋಡಿಕೊಂಡಳು.

'ಅಂದ್ರೆ ಅವರಿಗೂ ಮಣ್ಣು ಒಣಗೋ ಭಯ ಇತ್ತಾ ಅಮ್ಮ?'

ಒಳಗೆ ಫೋಟೋ ತೆಗೆಯುವ ಹಾಗಿಲ್ಲ. ಅದು ಪ್ರಾರ್ಥನೆಯ ಜಾಗ, ಮೆಲ್ಲಗೆ ಮಾತಾಡಬೇಕು. ಆರು ವರ್ಷದವನು ಹದಿನೈದು ನಿಮಿಷ ತಡೆದ, ಆಮೇಲೆ ಅಪ್ಪನ ಜೊತೆ ಹೊರಗೆ ಹೋದ. ಮಗಳು ಮಾತ್ರ ಕತ್ತೆತ್ತಿ ಮುಕ್ಕಾಲು ಗಂಟೆ ಕೂತಿದ್ದಳು. ಒಂದು ದಿನದ ಗಾರೆ ಎಲ್ಲಿ ಮುಗಿದು, ಮರುದಿನದ್ದು ಎಲ್ಲಿ ಶುರುವಾಗಿರಬಹುದು ಅಂತ ಹುಡುಕುತ್ತಿದ್ದಳು.